ಬ್ಯಾಟರಿ ಮೀಟರ್‌ನಲ್ಲಿ 94%, ಆದರೂ ರಾತ್ರಿ ಫ್ರಿಡ್ಜ್ ಆಫ್! ಕ್ಯಾಂಪರ್ ಸೆಕೆಂಡ್ ಬ್ಯಾಟರಿ ಗೊತ್ತಿರುವವರು ಹೇಳಿ

ಘಟ್ಟದ_ದಾರಿ:
ತಲೆ ಕೆಟ್ಟು ಹೋಗಿದೆ. ಮೈಸೂರಿನಿಂದ ಮಡಿಕೇರಿವರೆಗೆ ಗಾಡಿ ಓಡಿದೆ, ಸೆಕೆಂಡ್ ಬ್ಯಾಟರಿ (ಹಿಂದೆ ಫ್ರಿಡ್ಜ್, ಲೈಟ್‌ಗೆ ಇಟ್ಟಿರುವುದು, ಗಾಡಿ ಓಡುವಾಗ ಚಾರ್ಜ್ ಆಗುತ್ತದೆ) ಫುಲ್ ಆಗಿರಬೇಕು ಅಲ್ವಾ? ಮೀಟರ್ ಕೂಡ 94% ಅಂತಲೇ ತೋರಿಸುತ್ತಿತ್ತು. ಬೆಳಗಿನ ಜಾವ ನೋಡಿದರೆ ಫ್ರಿಡ್ಜ್ ಆಫ್, ಮಗುವಿಗೆ ಇಟ್ಟ ಹಾಲೆಲ್ಲ ಹಾಳು. ಬ್ಯಾಟರಿ ಹೊಸದು. ಏನು ಮಾಡಲಿ?

ಕರಾವಳಿ_ವೈರಿಂಗ್:
ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ತಾನೇ? ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಕಾಟ. ಮುಂದಿರುವ ಎಂಜಿನ್ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ಎರಡೂ ಬ್ಯಾಟರಿ ಸೇರಿಸುವ ರಿಲೇ (ಆಟೋಮ್ಯಾಟಿಕ್ ಸ್ವಿಚ್) ಕಟ್ ಆಗುತ್ತದೆ. ಬಂದ ವೋಲ್ಟೇಜನ್ನು ಸರಿಮಾಡಿ ಎರಡನೇ ಬ್ಯಾಟರಿಗೆ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿ, ಮುಗೀತು.

ಘಟ್ಟದ_ದಾರಿ:
2013ರ ಗಾಡಿ ಸಾರ್.

ಕರಾವಳಿ_ವೈರಿಂಗ್:
ಆದರೂ ನನ್ನ ಅನುಮಾನ ಆಲ್ಟರ್ನೇಟರ್ ಮೇಲೇ. ಅದರ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿರುತ್ತದೆ.

ಬಿಸಿಲು_ನಾಡು:
ಯಾವ ಬ್ಯಾಟರಿ ಅಂತಲೇ ಹೇಳಿಲ್ಲವಲ್ಲ ಇವರು. ನನ್ನ ಗಾಡಿಯಲ್ಲಿ 200 ಎಎಚ್ (ಆಂಪ್-ಅವರ್, ಬ್ಯಾಟರಿಯ ಸಾಮರ್ಥ್ಯ) ಲಿಥಿಯಂ, ಮೇಲೆ 400 ವ್ಯಾಟ್ ಸೋಲಾರ್. ಇಂಡಕ್ಷನ್ ಒಲೆ ಕೂಡ ಓಡುತ್ತದೆ, ಆಲ್ಟರ್ನೇಟರ್ ಕಡೆ ತಿರುಗಿಯೂ ನೋಡುವುದಿಲ್ಲ.

ಘಟ್ಟದ_ದಾರಿ:
ಇನ್ವರ್ಟರ್‌ಗೆ ಹಾಕುವ 150 ಎಎಚ್ ಟ್ಯೂಬುಲರ್ (ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ). ಹಿಂದೆ ಸೀಟಿನ ಕೆಳಗಿದೆ.

ಬಿಸಿಲು_ನಾಡು:
ಮಲಗುವ ಜಾಗದಲ್ಲಾ? ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಮೊದಲು ಅದನ್ನು ತೆಗೆಯಿರಿ.

ಕರಾವಳಿ_ವೈರಿಂಗ್:
ಸುಮ್ನೆ ಹೆದರಿಸಬೇಡಿ. ಮುಚ್ಚಿದ ಡಬ್ಬಿಗೆ ಹಾಕಿ, ಹೊರಗೆ ಒಂದು ಪೈಪ್ ಬಿಟ್ಟರೆ ಸಾಕು. ಎಲ್ಲರಿಗೂ ಲಿಥಿಯಂ ಕೊಳ್ಳಲು ಆಗುತ್ತದೆಯೇ?

ಬಿಸಿಲು_ನಾಡು:
ಅವರ ಗಾಡಿಯಲ್ಲಿ ಪೈಪ್ ಇದೆಯಾ ಅಂತ ಕೇಳಿದಿರಾ?

ಹಳೇ_ಮಲ್ಟಿಮೀಟರ್:
ಪೈಪ್ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಈಗ ಮೂಲ ವಿಷಯಕ್ಕೆ ಬನ್ನಿ. ಎಂಜಿನ್ ಓಡುವಾಗ ಎರಡೂ ಬ್ಯಾಟರಿಯ ವೋಲ್ಟೇಜ್ ಅಳೆದು ಹೇಳಿ. ವೈರ್ ಎಷ್ಟು ದಪ್ಪ? ಶಂಟ್‌ನ (ಹರಿಯುವ ಕರೆಂಟ್ ಅಳೆದು ಮೀಟರ್‌ಗೆ ತಿಳಿಸುವ ತುಂಡು) ಫೋಟೋ ಹಾಕಿ.

ಘಟ್ಟದ_ದಾರಿ:
ಮುಂದೆ 14.2, ಹಿಂದೆ 13.3. ವೈರ್ 6 ಸ್ಕ್ವೇರ್ (ಚದರ ಮಿ.ಮೀ.), ಹೋಗಿ ಬರುವುದು ಸೇರಿ 10 ಮೀಟರ್. ಫ್ರಿಡ್ಜ್ ಆಫ್ ಮಾಡಿಟ್ಟು ಬೆಳಗ್ಗೆ ನೋಡಿದರೆ 12.1. ಫೋಟೋ ಹಾಕಿದ್ದೇನೆ.

ಹಳೇ_ಮಲ್ಟಿಮೀಟರ್:
ಆಲ್ಟರ್ನೇಟರ್ ಸರಿಯಾಗಿದೆ. 6 ಸ್ಕ್ವೇರ್ ವೈರ್‌ನಲ್ಲಿ 30 ಆಂಪ್ಸ್ ಹರಿದರೆ 10 ಮೀಟರ್‌ಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಟ್ಯೂಬುಲರ್‌ಗೆ 14.4ರ ಹತ್ತಿರ ಬೇಕು, ಅದೂ ಗಂಟೆಗಟ್ಟಲೆ. 12.1 ಅಂದರೆ ಸುಮಾರು ಅರ್ಧ ಮಾತ್ರ ತುಂಬಿದೆ.

ಇನ್ನು ಮೀಟರ್. ಫೋಟೋದಲ್ಲಿ ಫ್ರಿಡ್ಜ್‌ನ ಕಪ್ಪು ವೈರ್ ನೇರ ಬ್ಯಾಟರಿಯ ಮೈನಸ್ ಟರ್ಮಿನಲ್‌ಗೇ ಬಂದಿದೆ, ಟೇಪ್ ಸುತ್ತಿದ ಆ ಲಗ್ (ವೈರ್ ತುದಿಯ ಲೋಹದ ಬಳೆ) ನೋಡಿ. ಬ್ಯಾಟರಿಯ ಮೈನಸ್‌ಗೆ ಶಂಟ್ ಒಂದೇ ಸೇರಬೇಕು, ಉಳಿದ ಮೈನಸ್ ಎಲ್ಲ ಶಂಟ್‌ನ ಆಚೆ ಬದಿಗೆ. ಈಗ ಫ್ರಿಡ್ಜ್ ತಿನ್ನುವ ಕರೆಂಟ್ ಮೀಟರ್‌ನ ಕಣ್ಣಿಗೇ ಬೀಳುತ್ತಿಲ್ಲ, ಅದು ಬರೀ ಲೈಟ್, ಫ್ಯಾನ್ ಲೆಕ್ಕ ಹಾಕಿ 94 ಅನ್ನುತ್ತಿದೆ.

ಕರಾವಳಿ_ವೈರಿಂಗ್:
ಡಿಸಿ-ಡಿಸಿ ಇದ್ದಿದ್ದರೆ ವೈರ್‌ನಲ್ಲಿ ಹೋದ ವೋಲ್ಟೇಜನ್ನು ಅದೇ ಎತ್ತಿ ಕೊಡುತ್ತಿತ್ತು.

ಹಳೇ_ಮಲ್ಟಿಮೀಟರ್:
ನಿಜ. ಆದರೆ ಅದಕ್ಕೂ ದಪ್ಪ ವೈರ್ ಬೇಕು. ಮೊದಲು 25 ಸ್ಕ್ವೇರ್ ಎಳೆಯಿರಿ, ಎರಡೂ ತುದಿಯಲ್ಲಿ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ.

ಘಟ್ಟದ_ದಾರಿ:
ಫ್ರಿಡ್ಜ್ ವೈರ್ ಈಗಲೇ ಶಂಟ್‌ಗೆ ಹಾಕುತ್ತೇನೆ. ಮೈಸೂರಿನಲ್ಲಿ 25 ಸ್ಕ್ವೇರ್ ಕೇಬಲ್‌ಗೆ ಲಗ್ ಸರಿಯಾಗಿ ಕ್ರಿಂಪ್ ಮಾಡಿಕೊಡುವವರು (ಒತ್ತಿ ಬಿಗಿಯುವವರು) ಯಾರಾದರೂ ಇದ್ದಾರಾ?