ಪದಚರ್ಚೆ: ‘ಲಾಂಡೆಸ್‌ಲೀಗಾ’ವನ್ನು ‘ರಾಜ್ಯ ಲೀಗ್’ ಎನ್ನಬಹುದೇ?

ಪ್ರಶ್ನೆ

ಜರ್ಮನಿಯ ಹವ್ಯಾಸಿ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಸಿದ್ಧವಾಗುತ್ತಿರುವ ಲೇಖನವೊಂದಕ್ಕೆ ಪದಗಳು ಬೇಕಾಗಿವೆ. ಕರಡಿನಲ್ಲಿ ಈಗ ಲಾಂಡೆಸ್‌ಲೀಗಾ ‘ರಾಜ್ಯ ಲೀಗ್’, ಫೆರ್‌ಬಾಂಡ್ಸ್‌ಲೀಗಾ ‘ಸಂಘ ಲೀಗ್’. ಬೆಟ್ಸಿರ್ಕ್ಸ್‌ಲೀಗಾ, ಕ್ರೈಸ್‌ಲೀಗಾ ಎರಡೂ ‘ಜಿಲ್ಲಾ ಲೀಗ್’ ಆಗಿ ಕೂತಿವೆ. ‘ಶ್ಟಾಫೆಲ್’ ಪದಕ್ಕೆ ನಿಘಂಟು ‘ರಿಲೇ ಓಟ’ ಎನ್ನುತ್ತದೆ. ಇನ್ನೊಂದು ಕಡೆ ‘ತಂಡ ಹಿಂಬಡ್ತಿಯನ್ನು ಗೆದ್ದು ಅದೇ ಲೀಗಿನಲ್ಲಿ ಉಳಿಯಿತು’ ಎಂದಿದೆ. ಮೂಲದ ಪದ ‘ರೆಲೆಗಾಟ್ಸಿಯೋನ್’. ಹಿಂಬಡ್ತಿಯನ್ನು ಗೆಲ್ಲುವುದು ಹೇಗೆ?

ಉತ್ತರ

ಲೀಗಿನ ಹೆಸರುಗಳನ್ನು ಅನುವಾದಿಸಬೇಡಿ. ಹೆಸರನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ಅದು ಮೇಲಿನಿಂದ ಎಷ್ಟನೆಯದು, ಯಾವ ಪ್ರಾದೇಶಿಕ ಫುಟ್‌ಬಾಲ್ ಸಂಘದ್ದು ಎಂದು ಹೇಳಿಬಿಡಿ. ಆ ಹೆಸರುಗಳಿಂದ ಲೀಗಿನ ಎತ್ತರ ತಿಳಿಯುವುದಿಲ್ಲ. ಅನುವಾದಿಸಿದರೆ ತಿಳಿದಂತೆ ತೋರುತ್ತದೆ, ಅದೇ ತೊಂದರೆ.

ದಕ್ಷಿಣದ ವ್ಯುರ್ಟೆಂಬೆರ್ಗ್‌ನಲ್ಲಿ ಫೆರ್‌ಬಾಂಡ್ಸ್‌ಲೀಗಾ ಆರನೆಯದು, ಅದರ ಕೆಳಗೆ ಲಾಂಡೆಸ್‌ಲೀಗಾ ಏಳನೆಯದು. ಉತ್ತರದ ಶ್ಲೆಸ್‌ವಿಗ್-ಹೋಲ್‌ಸ್ಟೈನ್‌ಗೆ ಹೋದರೆ ಲಾಂಡೆಸ್‌ಲೀಗಾ ಆರನೆಯದು, ಫೆರ್‌ಬಾಂಡ್ಸ್‌ಲೀಗಾ ಏಳನೆಯದು. ನಿಮ್ಮ ಕರಡಿನ ಪ್ರಕಾರ ಒಂದು ಕಡೆ ‘ಸಂಘ’ ‘ರಾಜ್ಯ’ಕ್ಕಿಂತ ಮೇಲೆ, ಇನ್ನೊಂದು ಕಡೆ ಕೆಳಗೆ. ಓದುಗ ಅಚ್ಚಿನ ದೋಷ ಎಂದುಕೊಳ್ಳುತ್ತಾನೆ. ವೆಸ್ಟ್‌ಫಾಲೆನ್‌ನಲ್ಲಿ ಆರನೆಯದಕ್ಕೆ ವೆಸ್ಟ್‌ಫಾಲೆನ್‌ಲೀಗಾ ಎಂಬ ಸ್ವಂತ ಹೆಸರಿದೆ. ಹೆಸ್ಸೆನ್‌ನಲ್ಲಿ ಏಳನೆಯದು ಗ್ರುಪ್ಪೆನ್‌ಲೀಗಾ, ಎಂಟನೆಯದು ಕ್ರೈಸ್‌ಒಬರ್‌ಲೀಗಾ. ಬೆಟ್ಸಿರ್ಕ್ಸ್‌ಲೀಗಾ ಬವೇರಿಯಾ, ಹ್ಯಾಂಬರ್ಗ್‌ಗಳಲ್ಲಿ ಏಳನೆಯದಾದರೆ ವೆಸ್ಟ್‌ಫಾಲೆನ್, ಬರ್ಲಿನ್‌ಗಳಲ್ಲಿ ಎಂಟನೆಯದು.

‘ರಾಜ್ಯ’ ಎಂಬ ಪದಕ್ಕೆ ಇನ್ನೊಂದು ಅಡ್ಡಿ. ಜರ್ಮನಿಯಲ್ಲಿ 16 ರಾಜ್ಯಗಳು, ಆದರೆ ಜರ್ಮನ್ ಫುಟ್‌ಬಾಲ್ ಸಂಘದ (ಡಿಎಫ್‌ಬಿ) ಅಡಿಯಲ್ಲಿ ಪ್ರಾದೇಶಿಕ ಸಂಘಗಳು 21. ನಾರ್ಟ್‌ರೈನ್-ವೆಸ್ಟ್‌ಫಾಲೆನ್ ರಾಜ್ಯದಲ್ಲಿ ಮೂರು (ವೆಸ್ಟ್‌ಫಾಲೆನ್, ನೀಡರ್‌ರೈನ್, ಮಿಟಲ್‌ರೈನ್), ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಮೂರು (ಬಾಡೆನ್, ಸ್ಯೂಡ್‌ಬಾಡೆನ್, ವ್ಯುರ್ಟೆಂಬೆರ್ಗ್), ರೈನ್‌ಲಾಂಡ್-ಫಾಲ್ಟ್ಸ್‌ನಲ್ಲಿ ಎರಡು. ಉಳಿದ 13 ರಾಜ್ಯಗಳಿಗೆ ಒಂದೊಂದು. ಹಾಗಾಗಿ ಲಾಂಡೆಸ್‌ಲೀಗಾ ಎಂದರೆ ಇಡೀ ರಾಜ್ಯದ ಲೀಗ್ ಅಲ್ಲ. ವ್ಯುರ್ಟೆಂಬೆರ್ಗ್ ರಾಜ್ಯದ ಒಂದು ಪಾಲು ಮಾತ್ರ, ಅಲ್ಲಿನ ಲಾಂಡೆಸ್‌ಲೀಗಾ ಆ ಪಾಲಿನೊಳಗೇ ಮತ್ತೆ ನಾಲ್ಕಾಗಿ ಒಡೆದಿದೆ. ‘ಜಿಲ್ಲೆ’ಯದೂ ಇದೇ ಕತೆ. ಫುಟ್‌ಬಾಲಿನ ಕ್ರೈಸ್ ಎಂಬುದು ಸಂಘ ತನ್ನ ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ. ಆಡಳಿತದ ಜಿಲ್ಲೆಯ ಗಡಿಗೆ ಹೊಂದಲೇಬೇಕೆಂದಿಲ್ಲ. ಬವೇರಿಯಾದ ಏಳು ಬೆಟ್ಸಿರ್ಕ್‌ಗಳು ಮಾತ್ರ ಆಡಳಿತದ ಏಳು ವಿಭಾಗಗಳ ಹೆಸರನ್ನೇ ಹೊತ್ತಿವೆ. ನಮ್ಮ ಬೆಳಗಾವಿ ವಿಭಾಗ, ಕಲಬುರಗಿ ವಿಭಾಗ ಎಂಬಂತೆ ಅಲ್ಲಿ ‘ವಿಭಾಗ’ ಹೊಂದುತ್ತದೆ. ವಿವರಣೆಗೆ ಬಳಸಿ, ಹೆಸರಿಗೆ ಬೇಡ.

ಇಸವಿಯನ್ನೂ ನೋಡಿಕೊಳ್ಳಿ. ಬವೇರಿಯಾದ ಲಾಂಡೆಸ್‌ಲೀಗಾ 1963ರಲ್ಲಿ ಶುರುವಾದಾಗ ನಾಲ್ಕನೆಯದು. 1994ರಲ್ಲಿ ರೆಗಿಯೊನಾಲ್‌ಲೀಗಾ ಮೂರನೇ ಸ್ಥಾನದಲ್ಲಿ ಬಂದು ಕೂತಾಗ ಐದನೆಯದಾಯಿತು. 2008ರಲ್ಲಿ ‘ಮೂರನೇ ಲೀಗಾ’ ಎಂಬ ಹೊಸ ಲೀಗ್ ಬಂದಾಗ ಆರನೆಯದು. ತಾನು ಎಲ್ಲಿಗೂ ಹೋಗಲಿಲ್ಲ, ನೆತ್ತಿಯ ಮೇಲೆ ಮಹಡಿ ಕಟ್ಟಿದರು. 2012ರಲ್ಲಿ ಅದರ ಮೂರು ಗುಂಪು ಐದಾದವು. ಒಬರ್‌ಲೀಗಾದ ಇಳಿತ ಇನ್ನೂ ದೊಡ್ಡದು: 1963ರಲ್ಲಿ ಇಂದಿನ ಮೊದಲನೇ ಲೀಗ್ ಆದ ಬುಂಡೆಸ್‌ಲೀಗಾ ಆರಂಭವಾಗುವ ತನಕ ಪಶ್ಚಿಮ ಜರ್ಮನಿಯ ಅತ್ಯುಚ್ಚ ಲೀಗುಗಳ ಹೆಸರು ಅದು, 1978ರಿಂದ ಮೂರನೆಯದು, 1994ರಿಂದ ನಾಲ್ಕನೆಯದು, 2008ರಿಂದ ಐದನೆಯದು. ಪೂರ್ವ ಜರ್ಮನಿಯಲ್ಲಿ ಕೊನೆಯವರೆಗೂ ಒಬರ್‌ಲೀಗಾ ಎಂದರೆ ಮೊದಲನೆಯದೇ. ‘1955ರಲ್ಲಿ ತಂಡ ಐದನೇ ಸ್ತರದ ಒಬರ್‌ಲೀಗಾದಲ್ಲಿ ಆಡಿತು’ ಎಂದು ಯಾರಾದರೂ ಬರೆದಿದ್ದರೆ, ಇವತ್ತಿನ ಪಟ್ಟಿ ನೋಡಿ ಬರೆದಿದ್ದಾರೆ ಎಂದೇ ಅರ್ಥ.

ಅದಕ್ಕೆ ಆಕ್ಷೇಪ

ಎಲ್ಲವನ್ನೂ ಜರ್ಮನ್‌ನಲ್ಲೇ ಬಿಟ್ಟರೆ ಕನ್ನಡ ಲೇಖನ ಎನ್ನುವುದು ಯಾಕೆ? ಹೆಸರು ಇರಲಿ ಎಂಬುದಕ್ಕೆ ಒಪ್ಪಿಗೆ. ಆದರೆ ಹೆಸರಲ್ಲದ ಪದಗಳು ಕನ್ನಡಕ್ಕೆ ಬರಲೇಬೇಕು. ಎಷ್ಟನೆಯದು ಎಂದು ಹೇಳುವಲ್ಲಿ ‘ಹಂತ’ ಬೇಡ, ‘ಗುಂಪು ಹಂತ, ಸೆಮಿಫೈನಲ್ ಹಂತ’ ಎಂದು ಅದು ಈಗಾಗಲೇ ಬೇರೆ ಕೆಲಸದಲ್ಲಿದೆ. ‘ದರ್ಜೆ’ ಎಂದರೆ ‘ಆರನೇ ದರ್ಜೆಯ ಆಟ’ ಬೈಗುಳದಂತೆ ಕೇಳುತ್ತದೆ. ‘ಸ್ತರ’ ಸಾಕು. ‘ಶ್ಟಾಫೆಲ್’ ಲೀಗಿನ ವಿಷಯದಲ್ಲಿ ಬಂದರೆ ‘ಗುಂಪು’: ಒಂದೇ ಸ್ತರದಲ್ಲಿ ಪ್ರದೇಶವಾರು ಒಡೆದ ಸಮಾನ ಪಂಗಡ. ನಿಘಂಟಿನ ರಿಲೇ ಓಟ ಅಥ್ಲೆಟಿಕ್ಸ್‌ನದು, ಇಲ್ಲಿ ಸಂಬಂಧವಿಲ್ಲ. ‘ಶ್ಪೀಲ್‌ಟಾಗ್’ ಅಕ್ಷರಶಃ ಆಟದ ದಿನ, ಅರ್ಥದಲ್ಲಿ ‘ಸುತ್ತು’. 14ನೇ ಶ್ಪೀಲ್‌ಟಾಗ್‌ನ ಪಂದ್ಯಗಳು ಶುಕ್ರವಾರದಿಂದ ಭಾನುವಾರದವರೆಗೆ ಹರಡಿರಬಹುದು. ಹಾಗಾಗಿ ‘14ನೇ ದಿನ’ ಎಂದರೆ ತಪ್ಪು.

‘ಹವ್ಯಾಸಿ’ ಸರಿಯಾಗಿದೆ. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ಜೋಡಿ ನಮಗೆ ಹಳೆಯದು. ‘ಸಂಬಳವಿಲ್ಲದ’ ಎಂದು ಮಾತ್ರ ಬಿಡಿಸಿ ಹೇಳಬೇಡಿ. ನಾಲ್ಕನೇ ಸ್ತರದ ರೆಗಿಯೊನಾಲ್‌ಲೀಗಾವನ್ನೂ ಹವ್ಯಾಸಿ ಎಂದೇ ಕರೆಯುತ್ತಾರೆ, ಅಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ರೆಲೆಗಾಟ್ಸಿಯೋನ್ ಬಗ್ಗೆ

ಇದು ಇಂಗ್ಲಿಷಿನ ರೆಲೆಗೇಷನ್ ಅಲ್ಲ. ಕೆಳಗಿನ ಲೀಗಿಗೆ ಇಳಿಯುವುದಕ್ಕೆ ಜರ್ಮನರು ಹೇಳುವುದು ‘ಆಪ್‌ಶ್ಟೀಗ್’, ಮೇಲೇರುವುದಕ್ಕೆ ‘ಔಫ್‌ಶ್ಟೀಗ್’. ಇವೆರಡಕ್ಕೆ ಹಿಂಬಡ್ತಿ, ಬಡ್ತಿ ಸರಿಯಾಗುತ್ತವೆ. ರೆಲೆಗಾಟ್ಸಿಯೋನ್ ಎಂದರೆ ಎರಡು ಸ್ತರಗಳ ಗಡಿಯಲ್ಲಿರುವ ತಂಡಗಳ ನಡುವಿನ ನಿರ್ಣಾಯಕ ಪಂದ್ಯ. ಬುಂಡೆಸ್‌ಲೀಗಾದ 16ನೇ ಸ್ಥಾನದ ತಂಡ, ಎರಡನೇ ಬುಂಡೆಸ್‌ಲೀಗಾದ ಮೂರನೇ ಸ್ಥಾನದ ತಂಡ ಊರಲ್ಲೊಂದು, ಹೊರಗೊಂದು ಪಂದ್ಯ ಆಡುತ್ತವೆ. ಹ್ಯಾಂಬರ್ಗರ್ ಎಸ್‌ವಿ 2014ರಲ್ಲಿ ಗ್ರೊಯ್ಟರ್ ಫ್ಯುರ್ಟ್ ಎದುರು, 2015ರಲ್ಲಿ ಕಾರ್ಲ್ಸ್‌ರೂಅರ್ ಎಸ್‌ಸಿ ಎದುರು ರೆಲೆಗಾಟ್ಸಿಯೋನ್ ದಾಟಿ ಉಳಿದುಕೊಂಡಿತು. ಅದರ ಮೊದಲ ಹಿಂಬಡ್ತಿ 2018ರಲ್ಲಿ. ‘2015ರಲ್ಲಿ ಹಿಂಬಡ್ತಿ’ ಎಂದು ಬರೆದರೆ ಇತಿಹಾಸವೇ ತಲೆಕೆಳಗು.

ಬರಿಯ ‘ಪ್ಲೇಆಫ್’ ಎಂದರೆ ಐಪಿಎಲ್ ನೋಡಿದವರಿಗೆ ಪ್ರಶಸ್ತಿಯ ಪಂದ್ಯ ನೆನಪಾಗುತ್ತದೆ. ಕೆಳಗಿನ ತಂಡದ ಕಡೆಯಿಂದ ಹೇಳುವಾಗ ‘ಬಡ್ತಿ ಪ್ಲೇಆಫ್’, ಮೇಲಿನ ತಂಡದ ಕಡೆಯಿಂದ ‘ಉಳಿವಿನ ಪ್ಲೇಆಫ್’ ಎನ್ನಿ. ನಿಮ್ಮ ವಾಕ್ಯ: ‘ತಂಡ ಉಳಿವಿನ ಪ್ಲೇಆಫ್ ಗೆದ್ದು ಲಾಂಡೆಸ್‌ಲೀಗಾದಲ್ಲೇ ಉಳಿಯಿತು.’

ಪ್ರಾದೇಶಿಕ ಲೀಗುಗಳಲ್ಲಿ ಎಷ್ಟು ತಂಡ ಇಳಿಯುತ್ತವೆ ಎಂಬುದು ಹಲವು ಕಡೆ ಸ್ಥಿರವಲ್ಲ. ಮೇಲಿನಿಂದ ಬೀಳುವ ತಂಡ ತನ್ನ ಪ್ರದೇಶದ ಗುಂಪಿಗೇ ಬೀಳುತ್ತದೆ. ಒಂದೇ ವರ್ಷ ಒಂದೇ ಪ್ರದೇಶದ ಮೂರು ತಂಡ ಬಿದ್ದರೆ ಆ ಗುಂಪು ಉಬ್ಬುತ್ತದೆ, ಅದನ್ನು ಸರಿದೂಗಿಸಲು ಕೆಳಕ್ಕೆ ಹೆಚ್ಚು ತಂಡ ಕಳಿಸಬೇಕಾಗುತ್ತದೆ. ಆದ್ದರಿಂದ ‘ಕೊನೆಯ ಮೂರು ತಂಡಗಳಿಗೆ ಹಿಂಬಡ್ತಿ’ ಎಂದು ಸಾರ್ವಕಾಲಿಕ ನಿಯಮದಂತೆ ಬರೆಯುವ ಬದಲು ಆಯಾ ಋತುವಿನ ಸಂಖ್ಯೆ ಕೊಡಿ.

ಬಿಟ್ಟುಹೋದ ಕೆಲವು

ಜರ್ಮನ್‌ನಲ್ಲಿ ಅಂಕಿಯ ನಂತರದ ಚುಕ್ಕೆ ‘ನೇ’ ಎಂಬುದರ ಗುರುತು. ‘2. ಬುಂಡೆಸ್‌ಲೀಗಾ’ ಎಂದು ಹಾಗೇ ಇಳಿಸಿದರೆ ಕನ್ನಡದಲ್ಲಿ ಪಟ್ಟಿಯ ಎರಡನೇ ಸಾಲಿನಂತೆ ಕಾಣುತ್ತದೆ. ‘ಎರಡನೇ ಬುಂಡೆಸ್‌ಲೀಗಾ’ ಎಂದು ಬರೆಯಿರಿ. ‘1. ಎಫ್‌ಸಿ ಕ್ಯೋಲ್ನ್’ನಲ್ಲಿರುವ ‘1’ ಎಂಬ ಅಂಕಿ ಕ್ಲಬ್ಬಿನ ಹೆಸರಿನದೇ ಭಾಗ, ‘ಮೊದಲ ತಂಡ’ ಎಂದಲ್ಲ. ಹೆಸರಿನ ಕೊನೆಗೆ ಬರುವ ರೋಮನ್ ಎರಡು ಮಾತ್ರ ಎರಡನೇ ತಂಡದ್ದು. ಅದಕ್ಕೆ ‘ಮೀಸಲು ತಂಡ’ ಎನ್ನುವುದಕ್ಕಿಂತ ‘ಎರಡನೇ ತಂಡ’ ವಾಸಿ, ಯಾಕೆಂದರೆ ಅದು ಬೆಂಚಿನ ಮೇಲೆ ಕೂರುವುದಿಲ್ಲ, ತನ್ನದೇ ಲೀಗಿನಲ್ಲಿ ಪೂರ್ಣ ಋತು ಆಡುತ್ತದೆ. ಮೂರನೇ ಲೀಗಾದವರೆಗೆ ಏರಬಹುದು, ಅದರಾಚೆ ಇಲ್ಲ. ಡಿಎಫ್‌ಬಿ ಕಪ್‌ನಲ್ಲೂ ಪ್ರವೇಶವಿಲ್ಲ.

‘ಎಸ್‌ಜಿ’ ಕಂಡರೆ ಎಚ್ಚರ. ಡೈನಮೋ ಡ್ರೆಸ್‌ಡೆನ್‌ನ ಹೆಸರಿನಲ್ಲಿ ಅದು ಶ್ಪೋರ್ಟ್‌ಗೆಮೈನ್‌ಶಾಫ್ಟ್, ಕ್ರೀಡಾ ಸಂಸ್ಥೆ. ಹಳ್ಳಿಯ ಕ್ರೈಸ್‌ಲೀಗಾ ಪಟ್ಟಿಯಲ್ಲಿ ಅದು ಬಹುಮಟ್ಟಿಗೆ ಶ್ಪೀಲ್‌ಗೆಮೈನ್‌ಶಾಫ್ಟ್: ಆಟಗಾರರು ಸಾಲದೆ ಎರಡು ಮೂರು ಊರಿನ ಕ್ಲಬ್ಬುಗಳು ಕೂಡಿ ಇಳಿಸಿದ ತಂಡ. ಕ್ಲಬ್ಬುಗಳು ಬೇರೆಬೇರೆಯಾಗಿಯೇ ಇರುತ್ತವೆ, ಆದ್ದರಿಂದ ‘ವಿಲೀನ’ ಎನ್ನಬಾರದು. ‘ಜಂಟಿ ತಂಡ’ ಎನ್ನಿ. ಎಸ್‌ಜಿ ನಂತರ ಎರಡು ಊರಿನ ಹೆಸರು ಅಡ್ಡಗೀಟು ಹಾಕಿ ಬಂದಿದ್ದರೆ ಸಾಮಾನ್ಯವಾಗಿ ಇದೇ, ಆದರೂ ಕ್ಲಬ್ಬಿನ ಪೂರ್ಣ ಹೆಸರು ನೋಡಿಯೇ ತೀರ್ಮಾನಿಸಿ.