ಎಂ.ಎಸ್. ಮುಗಿಯುತ್ತಾ ಬಂತು, ಕೈ ಮಾತ್ರ ಪಳಗಿಲ್ಲ. ಊರಲ್ಲೇ ಕಣ್ಣಿನ ಡಾಕ್ಟರಾಗಲು ಎಲ್ಲಿ ಕಲಿಯಲಿ?

ಗುಡಿಬಂಡೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಣ್ಣಿನ ವಿಭಾಗದಲ್ಲಿ ಎಂ.ಎಸ್. ಕೊನೇ ವರ್ಷ. ಕಾಲೇಜಿನ ಹೆಸರು ಬೇಡ. ಪಾಠ ಚೆನ್ನಾಗಿಯೇ ಆಗುತ್ತದೆ, ಆದರೆ ಆಪರೇಷನ್ ಥಿಯೇಟರ್‌ನಲ್ಲಿ ನಮ್ಮ ಪಾಲಿಗೆ ಬರುವುದು ನಿಂತು ನೋಡುವುದು, ಇಲ್ಲವೇ ಸರ್ ಕೈಗೆ ಬ್ಲೇಡು ಕೊಡುವುದು. ಪೊರೆ ಆಪರೇಷನ್ ಮೊದಲಿನಿಂದ ಕೊನೆವರೆಗೆ ನಾನೊಬ್ಬಳೇ ಮಾಡಿದ್ದನ್ನು ಎಣಿಸಲು ಎರಡು ಕೈ ಬೆರಳು ಸಾಕು.

ಈಚೆಗೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿದ್ದು ಬಂದೆ, ಪಿಜಿಯವರಿಗೆ ಈಗ ಇದು ಕಡ್ಡಾಯ. ಅಲ್ಲಿಗೆ ಬಾಗೇಪಲ್ಲಿ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಎರಡೂ ಕಣ್ಣಲ್ಲಿ ಪೊರೆ ಹಣ್ಣಾಗಿ ಬೆಳ್ಳಗಾಗಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಅಜ್ಜಿ ಅಂದರೆ, "ತೀಸ್ಕೊಚ್ಚೇವಾಳ್ಳು ಎವರಮ್ಮಾ" ಅಂದರು. ಕರೆದುಕೊಂಡು ಬರೋರು ಯಾರಿದ್ದಾರೆ ಅಂತ. ನನಗೆ ಆ ಮಾತು ಮರೆಯಲು ಆಗುತ್ತಿಲ್ಲ.

ಮುಂದೆ ಊರ ಕಡೆಯೇ ಇರಬೇಕು ಅಂತಿದೆ. ಆದರೆ ಈ ಕೈ ಇಟ್ಟುಕೊಂಡು ಯಾರ ಕಣ್ಣನ್ನು ಮುಟ್ಟಲಿ? ಜೊತೆಯವರೆಲ್ಲ ಬೆಂಗಳೂರಲ್ಲಿ ಫೇಕೋ, ಅಂದರೆ ಮೆಷಿನ್‌ನಿಂದ ಪೊರೆ ಪುಡಿಮಾಡಿ ತೆಗೆಯುವುದು, ಅದರ ಫೆಲೋಶಿಪ್ ಹಿಡಿಯುತ್ತಿದ್ದಾರೆ, ಫೇಕೋ ಬರದಿದ್ದರೆ ನಾಳೆ ಯಾರೂ ಕೇಳಲ್ಲ ಅಂತಾರೆ. ಇನ್ನೊಬ್ಬಳು ಮದುರೈಗೆ ಹೋಗು ಅಂತಾಳೆ. ಮತ್ತೊಬ್ಬರು ನೇಪಾಳ, ಆಫ್ರಿಕಾ ಅಂತಾರೆ. ನಮ್ಮಪ್ಪ ಸಾಲ ತೀರಿಸೋದು ಯಾವಾಗ ಅಂತಾರೆ, ಅದೂ ನಿಜವೇ. ಅನುಭವ ಇದ್ದವರು ಹೇಳಿ.

ಕೋಲಾರದ_ಹಳೇ_ಸರ್ಜನ್

ಮೊದಲು ಕೈ ವಿಷಯ ಹೇಳ್ತೀನಿ ಕಣಮ್ಮ. ಎಸ್‌ಐಸಿಎಸ್ ಕಲಿ, ಅಂದರೆ ಸಣ್ಣ ಸೀಳು ಮಾಡಿ ಪೊರೆಯನ್ನು ಕೈಯಿಂದಲೇ ಹೊರತೆಗೆಯುವುದು. ದೊಡ್ಡ ಮೆಷಿನ್ ಬೇಡ, ಹೊಲಿಗೆ ಬೇಡ, ಒಂದು ಮೈಕ್ರೋಸ್ಕೋಪು, ಒಳ್ಳೆ ಬ್ಲೇಡು, ಲೆನ್ಸು ಇದ್ದರೆ ತಾಲ್ಲೂಕಿನಲ್ಲೂ ನಡೆಯುತ್ತದೆ. ನೀನು ನೋಡಿದ ಅಜ್ಜಿಯಂಥ ಗಟ್ಟಿ ಪೊರೆಗೆ ಹೊಸಬರು ಫೇಕೋ ಹಾಕಿ ಒದ್ದಾಡುವುದಕ್ಕಿಂತ ಇದೇ ವಾಸಿ.

ಮದುರೈಗೆ ಹೋಗು ಅಂದವಳು ಸರಿಯಾಗಿ ಹೇಳಿದ್ದಾಳೆ. ಅಲ್ಲಿನ ಅರವಿಂದ ಕಣ್ಣಾಸ್ಪತ್ರೆ ಶುರುವಾಗಿದ್ದು 1976ರಲ್ಲಿ, ಬರೀ 11 ಹಾಸಿಗೆಯಿಂದ. ಕಟ್ಟಿದ ವೆಂಕಟಸ್ವಾಮಿ ಡಾಕ್ಟರು ಆಗಲೇ ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದವರು. ಕೀಲುವಾತದಿಂದ ಬೆರಳುಗಳೆಲ್ಲ ಸೊಟ್ಟಗಾಗಿದ್ದವು, ಆ ಬೆರಳಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಆಪರೇಷನ್ ಮಾಡಿದರು. ಕೈ ಪಳಗಿಲ್ಲ ಅಂತ ಅಳುವಾಗ ಅವರ ಫೋಟೋ ಒಂದ್ಸಲ ನೋಡು. ಅಲ್ಲಿ ಒಂದು ಟೇಬಲ್‌ನಲ್ಲಿ ಆಪರೇಷನ್ ಮುಗಿಯುವಷ್ಟರಲ್ಲಿ ಪಕ್ಕದ ಟೇಬಲ್‌ನಲ್ಲಿ ಇನ್ನೊಬ್ಬರು ತಯಾರಾಗಿ ಮಲಗಿರುತ್ತಾರೆ. ಸರ್ಜನ್ ಸುಮ್ನೆ ಕೂರುವ ಹೊತ್ತೇ ಇಲ್ಲ. ಅಂಥ ಕಡೆ ಕಲಿಯುವವರಿಗೂ ಕೇಸು ಸಿಗುತ್ತವೆ.

ಅಲ್ಲಿಯವರೆಗೂ ಕಾಯಬೇಡ. ಮಟನ್ ಅಂಗಡಿಯಲ್ಲಿ ಹೇಳಿಟ್ಟು ಮೇಕೆ ಕಣ್ಣು ತರಿಸು, ಅವತ್ತಿಂದವತ್ತೇ ತರಬೇಕು, ತಡವಾದರೆ ಕಣ್ಣಗುಡ್ಡೆ ಮಂಜಾಗಿ ಒಳಗೇನೂ ಕಾಣಲ್ಲ. ಒಂದು ಥರ್ಮೋಕೋಲ್ ತುಂಡಿನಲ್ಲಿ ಗುಂಡಿ ಮಾಡಿ ಕೂರಿಸಿ ಟನಲ್, ಅಂದರೆ ಪೊರೆ ಹೊರಬರುವ ದಾರಿ, ಕೊರೆದು ಕೊರೆದು ಅಭ್ಯಾಸ ಮಾಡು. ಲೆನ್ಸಿನ ಮೇಲಿನ ತೆಳು ಪದರ ದುಂಡಗೆ ಹರಿಯುವುದಕ್ಕೆ ದ್ರಾಕ್ಷಿ ಸಿಪ್ಪೆ, ಟೊಮೆಟೊ ಸಿಪ್ಪೆ ಸಾಕು. ಚಿಕ್ಕಬಳ್ಳಾಪುರದವಳು ನೀನು, ದ್ರಾಕ್ಷಿಗೇನು ಬರವೇ!

ಇನ್ನೊಂದು. ಇಡೀ ಆಪರೇಷನ್ ಒಂದೇ ಸಲ ಕೊಡಿ ಅಂತ ಸರ್ ಹತ್ತಿರ ಕೇಳಬೇಡ, ಕೊಡಲ್ಲ, ಕೊಡಲೂಬಾರದು. ಇವತ್ತು ಲೆನ್ಸ್ ಕೂರಿಸುವುದೊಂದನ್ನು ಮಾಡ್ತೀನಿ ಅಂತ ಕೇಳು. ಅದು ಕೈಗೆ ಬಂದ ಮೇಲೆ ಅದರ ಹಿಂದಿನ ಹಂತ. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿತರೆ ರೋಗಿಗೂ ಭಯವಿಲ್ಲ, ಸರ್‌ಗೂ ಧೈರ್ಯ.

ತುಮಕೂರು_ಫೇಕೋ

ಸರ್ ಮೇಲೆ ಗೌರವ ಇದೆ, ಆದರೂ ಫೇಕೋ ಬೇಡ ಅನ್ನೋ ಹಾಗೆ ಯಾರೂ ಓದಿಕೊಳ್ಳಬೇಡಿ. ನೇಪಾಳದಲ್ಲಿ 108 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿದ್ದರು, 2007ರಲ್ಲಿ ಬಂದ ಅಧ್ಯಯನ. ದೃಷ್ಟಿ ಎರಡರಲ್ಲೂ ಚೆನ್ನಾಗಿಯೇ ಬಂತು. ಎಸ್‌ಐಸಿಎಸ್‌ಗೆ ಸರಾಸರಿ 9 ನಿಮಿಷ, ಫೇಕೋಗೆ ಹದಿನೈದೂವರೆ. ಸರಿ, ಒಪ್ಪಿದೆ. ಆದರೆ ಇವತ್ತು ನಮ್ಮ ಶಿರಾ ಕಡೆಯ ರೈತರೂ ಬಂದು "ಲೇಸರ್ ಆಪರೇಷನ್ ಮಾಡ್ತೀರಾ" ಅಂತಲೇ ಕೇಳ್ತಾರೆ. ಅವರು ಲೇಸರ್ ಅನ್ನೋದು ಫೇಕೋಗೇ, ಎಷ್ಟು ಸಲ ಬಿಡಿಸಿ ಹೇಳಿದರೂ ಅದೇ. ಮೇಡಂಗೆ ಸಾಲವೂ ಇದೆ. ಮೊದಲು ಎಸ್‌ಐಸಿಎಸ್, ಒಂದು ವರ್ಷ ಬಿಟ್ಟು ಫೇಕೋ. ಎರಡೂ ಬಂದರೆ ತಿಂಗಳಲ್ಲಿ ಕೆಲವು ದಿನ ಬೆಂಗಳೂರಲ್ಲಿ ದುಡಿದು ಉಳಿದ ದಿನ ಊರಲ್ಲಿ ಇರಬಹುದು. ನಾನೇ ಹಾಗೆ ಮಾಡ್ತಿದ್ದೇನೆ, ನಾಚಿಕೆ ಏನಿಲ್ಲ.

ಚಿಂತಾಮಣಿ_ನೇತ್ರಾಧಿಕಾರಿ

ಮೇಡಂ, ನಾನು ಡಾಕ್ಟರಲ್ಲ, ನೇತ್ರಾಧಿಕಾರಿ, ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ತೆಗೆಯುವವನು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮೇಲಿನ ಇಬ್ಬರೂ ಕೈ ಬಗ್ಗೆ ಹೇಳಿದರು, ನಾನು ಕಾಲಿನ ಬಗ್ಗೆ ಹೇಳ್ತೀನಿ.

ಆ ಅಜ್ಜಿ ಹೇಳಿದ್ದೇ ವಿಷಯ. ನಮ್ಮ ಜಿಲ್ಲೆಯಲ್ಲಿ ಸರ್ಕಾರದ ಕಣ್ಣು ತಪಾಸಣೆ ಯೋಜನೆ ಆಶಾಕಿರಣ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ನೋಡಿದರು. ಆಗ ಗೊತ್ತಾಯಿತು ಎಷ್ಟು ಜನ ಹಟ್ಟಿ ಬಾಗಿಲಲ್ಲೇ ಕೂತು "ವಯಸ್ಸಾಯಿತು, ಇನ್ನೇನು" ಅಂತ ಸುಮ್ಮನಿದ್ದಾರೆ ಅಂತ. ಪೊರೆ ಇದೆ ಅಂತ ಚೀಟಿ ಕೊಟ್ಟರೂ ಅರ್ಧ ಜನ ಬರಲ್ಲ. ಟೊಮೆಟೊ ಬಿಡಿಸುವ ಕಾಲದಲ್ಲಿ ಮಗ ಕೂಲಿ ಬಿಡಲ್ಲ, ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಾಗ, ಅಂದರೆ ಕೊನೇ ಸಲ ಚರ್ಮ ಕಳಚಿ ಸೊಪ್ಪಿಗೆ ಬಿದ್ದಾಗ, ಸೊಸೆ ಮನೆ ಬಿಡಲ್ಲ. ಇದು ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು, ಹೆಸರು ಬೇಡ, ನಮ್ಮ ಒಂದು ಹಳ್ಳಿಗೆ ಬಸ್ ಕಳಿಸಿ ಜನರನ್ನು ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ, ಕರಿ ಕನ್ನಡಕ ಹಾಕಿಸಿ, ಫೋಟೋ ತೆಗೆದು ಬಿಟ್ಟು ಹೋದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಮರುದಿನ, ವಾರಕ್ಕೆ, ತಿಂಗಳಿಗೆ ನೋಡುವವರು ಯಾರೂ ಇಲ್ಲ. ಒಬ್ಬ ತಾತನ ಕಣ್ಣು ಕೆಂಪಾಯಿತು, ನೋವು ಅಂದರು, ಮನೆಯವರು ಸೊಪ್ಪಿನ ರಸ ಬಿಟ್ಟರು. ನನ್ನ ಹತ್ತಿರ ಬಂದದ್ದು ಒಂಬತ್ತನೇ ದಿನ. ಕಣ್ಣು ಹೋಯಿತು. ಆಮೇಲೆ ಎರಡು ವರ್ಷ ಆ ಊರಲ್ಲಿ ಆಪರೇಷನ್ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೈಸಿಕೊಂಡದ್ದು ಬಸ್ಸಿನವರಲ್ಲ, ನಾನು.

ಅದಕ್ಕೇ ಕೇಳ್ತೀನಿ: ನಿಮಗೆ ಕನ್ನಡಕದ ನಂಬರ್ ತೆಗೆಯಲು ಸರಿಯಾಗಿ ಬರುತ್ತಾ? ಮೆಕ್ಕೆಜೋಳದ ಗರಿ ತಗುಲಿ ಕಣ್ಣಗುಡ್ಡೆ ಹುಣ್ಣಾದವರು ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡು ಬಂದರೆ, ಆ ಡ್ರಾಪ್ಸೇ ಬೂಷ್ಟನ್ನು ಬೆಳೆಸಿದೆ ಅಂತ ನೋಡಿದ ಕೂಡಲೇ ಹೇಳ್ತೀರಾ? ತೆಲುಗಲ್ಲಿ ಬಿಡಿಸಿ ಹೇಳೋಕೆ ಬರುತ್ತಾ? ಫೆಲೋಶಿಪ್ ಎಲ್ಲಾದರೂ ಮಾಡಿ, ಇದನ್ನು ಕಲಿಸ್ತಾರಾ ಅಂತ ಕೇಳಿ ಸೇರಿ.

ಮುಳಬಾಗಿಲು_ಟು_ಟಾಂಜಾನಿಯಾ

ಮೇಲಿನವರ ಮಾತಿಗೆ ನನ್ನದೊಂದು ಓಟು. ನಾನು ಆಸ್ಪತ್ರೆ ಮೆಷಿನ್ ರಿಪೇರಿ ಮಾಡುವವನು. ನಾಲ್ಕು ವರ್ಷ ಟಾಂಜಾನಿಯಾದಲ್ಲಿದ್ದೆ. ಆಫ್ರಿಕಾದ ಕೆಲವು ದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ ಒಬ್ಬರು ಕಣ್ಣಿನ ಡಾಕ್ಟರೂ ಸಿಗಲ್ಲ. ಅದಕ್ಕೇ ಅಲ್ಲಿ ಕೆಲವು ದೇಶಗಳು ಡಾಕ್ಟರಲ್ಲದ ಕ್ಲಿನಿಕಲ್ ಆಫೀಸರ್‌ಗಳಿಗೇ ಪೊರೆ ಆಪರೇಷನ್ ಕಲಿಸಿವೆ. ಇಥಿಯೋಪಿಯಾದಲ್ಲಿ ಟ್ರಕೋಮಾ ಅನ್ನೋ ಕಣ್ಣಿನ ಸೋಂಕು ಬಂದು ರೆಪ್ಪೆ ಒಳಕ್ಕೆ ಮಡಚಿಕೊಂಡವರಿಗೆ ನರ್ಸುಗಳೇ ಆಪರೇಷನ್ ಮಾಡುತ್ತಾರೆ. ನಮ್ಮಲ್ಲಿ ಹೀಗಂದರೆ ಗಲಾಟೆ ಆಗುತ್ತೆ ಅಲ್ವಾ?

ಹೊರಗಿಂದ ಒಂದು ವಾರಕ್ಕೆ ಬಂದು ನೂರು ಆಪರೇಷನ್ ಮಾಡಿ ಹೋಗುವವರನ್ನೂ ನೋಡಿದ್ದೇನೆ. ಒಳ್ಳೆಯವರೇ. ಆದರೆ ಅವರು ವಿಮಾನ ಹತ್ತಿದ ಮೇಲೆ ಮೈಕ್ರೋಸ್ಕೋಪಿನ ಬಲ್ಬು ಸುಟ್ಟಿತು ಅಂತ ಥಿಯೇಟರ್‌ಗೆ ತಿಂಗಳುಗಟ್ಟಲೆ ಬೀಗ. ಆರ್ಬಿಸ್ ಅನ್ನೋ ಸೇವಾ ಸಂಸ್ಥೆಯವರು 1982ರಿಂದ ವಿಮಾನದೊಳಗೇ ಕಣ್ಣಾಸ್ಪತ್ರೆ ಇಟ್ಟುಕೊಂಡು ದೇಶ ದೇಶ ಸುತ್ತುತ್ತಾರೆ, ಅವರ ಲೆಕ್ಕಾಚಾರ ಬೇರೆ: ಊರಿನ ಡಾಕ್ಟರಿಗೆ, ನರ್ಸಿಗೆ, ನನ್ನಂಥ ರಿಪೇರಿಯವನಿಗೂ ಕಲಿಸುವುದು. ಸೈಬರ್‌ಸೈಟ್ ಅಂತ ಅವರ ಆನ್‌ಲೈನ್ ಪಾಠವೂ ಇದೆ, ಮೇಡಂ ಇವತ್ತೇ ಸೇರಬಹುದು, ದುಡ್ಡಿಲ್ಲ. ನೇಪಾಳದ ಕಣ್ಣಿನ ಡಾಕ್ಟರು ಸಂದುಕ್ ರುಯಿತ್ 1994ರಲ್ಲಿ ಕಠ್ಮಂಡುವಿನಲ್ಲಿ ತಿಲ್‌ಗಂಗಾ ಕಣ್ಣಾಸ್ಪತ್ರೆ ಶುರುಮಾಡಿದಾಗಲೂ ಆಪರೇಷನ್ ಕಲಿಸಿದ್ದರ ಜೊತೆಗೆ ಲೆನ್ಸ್ ಕಾರ್ಖಾನೆಯನ್ನೂ ಅಲ್ಲೇ ಕಟ್ಟಿಸಿದರು. ಮದುರೈಯವರು 1992ರಲ್ಲೇ ಆರೋಲ್ಯಾಬ್ ಅನ್ನೋ ಲೆನ್ಸ್ ಕಾರ್ಖಾನೆ ಮಾಡಿದ್ದರು. ನೂರು ಡಾಲರ್ ಮೇಲಿದ್ದ ಲೆನ್ಸು ಹತ್ತು ಡಾಲರ್ ಒಳಗೆ ಇಳಿದದ್ದು ಹಾಗೆ. ಲೆನ್ಸೇ ಕೈಗೆಟುಕದಿದ್ದರೆ ಎಷ್ಟು ಡಾಕ್ಟರಿಗೆ ಕಲಿಸಿದರೂ ಏನು ಮಾಡ್ತಾರೆ ಹೇಳಿ.

ಗುಡಿಬಂಡೆ_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಕೋಲಾರದ ಸರ್, ನಾಳೆಯೇ ಮಟನ್ ಅಂಗಡಿಗೆ ಹೋಗ್ತೀನಿ, ನಮ್ಮಮ್ಮ ಬೈದರೆ ನಿಮ್ಮ ಹೆಸರು ಹೇಳ್ತೀನಿ. ಮದುರೈಗೆ ಅರ್ಜಿ ಹಾಕುವುದು ಅಂತ ಮಾಡಿದ್ದೇನೆ. ಅಪ್ಪನಿಗೆ ಫೇಕೋ ಒಂದು ವರ್ಷ ತಡ ಅಷ್ಟೇ ಅಂತ ಒಪ್ಪಿಸಬೇಕು.

ನೇತ್ರಾಧಿಕಾರಿ ಅಣ್ಣ, ನಿಜ ಹೇಳ್ತೀನಿ, ನಂಬರ್ ತೆಗೆಯುವುದು ನನಗೆ ಸುಮಾರಾಗಿ ಬರುತ್ತದೆ ಅಷ್ಟೇ. ಕಾಲೇಜಲ್ಲಿ ಅದನ್ನೆಲ್ಲ ಆಪ್ಟೋಮೆಟ್ರಿಯವರಿಗೆ ಬಿಟ್ಟು ನಾವು ಮುಂದೆ ಹೋಗಿಬಿಡ್ತೀವಿ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಬಿಡುವಿದೆ. ನಿಮ್ಮ ಜೊತೆ ಬಂದು ಕೂತು ಕಲಿಯಬಹುದಾ? ತೆಲುಗು ಮಾತ್ರ ಚೆನ್ನಾಗಿ ಬರುತ್ತೆ.

ಚಿಂತಾಮಣಿ_ನೇತ್ರಾಧಿಕಾರಿ

ಬನ್ನಿ ಮೇಡಂ, ನಮ್ಮ ಡಾಕ್ಟರ್‌ಗೆ ಒಂದು ಮಾತು ಕೇಳಿಟ್ಟಿರ್ತೀನಿ. ಸಂತೆ ದಿನವೇ ಬನ್ನಿ, ಅವತ್ತು ಜನ ಜಾಸ್ತಿ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಇರಬೇಕು, ಮಧ್ಯಾಹ್ನದ ಬಸ್ಸಿಗೆ ಎಲ್ಲ ಎದ್ದು ಹೋಗ್ತಾರೆ. ಒಂದು ಒಳ್ಳೆ ಟಾರ್ಚು ತನ್ನಿ, ನಮ್ಮದಕ್ಕೆ ಸೆಲ್ ನಿಲ್ಲಲ್ಲ.