ಲಾಭರಹಿತ ರಂಗಸಂಸ್ಥೆಗಳಲ್ಲಿ ಬರ್ನ್‌ಔಟ್: ಕೆಲಸದ ಅವಧಿಗೆ ಮಿತಿ ಹಾಕಲು ಸಾಧ್ಯವೇ?

ಪ್ರಶ್ನೆ

ಲಾಭದ ಉದ್ದೇಶವಿಲ್ಲದ ರಂಗಸಂಸ್ಥೆಯೊಂದರಲ್ಲಿ ನಾನು ನಿರ್ಮಾಣ ನಿರ್ವಹಣೆಯ ಹೊಣೆ ಹೊತ್ತಿದ್ದೇನೆ. ಪ್ರದರ್ಶನಕ್ಕೆ ಮುಂಚಿನ ವಾರ ಬೆಳಕು, ಧ್ವನಿ ಮತ್ತು ರಂಗಸಜ್ಜಿಕೆಯ ತಾಲೀಮು ಬೆಳಿಗ್ಗೆ ಆರಂಭವಾದರೆ ನಡುರಾತ್ರಿಯವರೆಗೂ ಮುಗಿಯುವುದಿಲ್ಲ. ಕೊನೆಯ ಪ್ರದರ್ಶನದ ಮರುದಿನವೇ ಮುಂದಿನ ಅನುದಾನದ ಅರ್ಜಿ ಕಾದಿರುತ್ತದೆ. ಅನುಭವಿ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಕ್ಷೇತ್ರವನ್ನೇ ಬಿಡುತ್ತಿದ್ದಾರೆ. ಈ ಮಾತೆತ್ತಿದಾಗಲೆಲ್ಲ, ಕಲೆಯ ಮೇಲೆ ಪ್ರೀತಿಯಿದ್ದವರಿಗೆ ದಣಿವು ಗೊತ್ತಾಗುವುದಿಲ್ಲ ಎಂಬ ಉತ್ತರವೇ ಬರುತ್ತದೆ. ಹಣದ ಕೊರತೆಯಿರುವ ಸಂಸ್ಥೆ ಕೆಲಸದ ಅವಧಿಗೆ ಮಿತಿ ಹಾಕಿಕೊಳ್ಳುವುದು ಹೇಗೆ?

ಉತ್ತರ 1

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಗೆ 2019ರಲ್ಲಿ ಅಂಗೀಕಾರ ದೊರೆಯಿತು. ಅದರಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಉದ್ಯೋಗದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಲಾಗಿದೆ. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯಸಾಮರ್ಥ್ಯ ಕುಗ್ಗುವುದು ಅದರ ಮೂರು ಲಕ್ಷಣಗಳು. ನಮ್ಮ ಕ್ಷೇತ್ರದಲ್ಲಿ ಎರಡನೆಯದೇ ಹೆಚ್ಚು ನೋವಿನದು ಎಂಬುದು ನನ್ನ ಅಭಿಪ್ರಾಯ. ರಂಗದ ಮೇಲಿನ ಪ್ರೀತಿಗಾಗಿಯೇ ಕಡಿಮೆ ವೇತನವನ್ನು ಒಪ್ಪಿಕೊಂಡು ಬಂದವರಿಗೆ ರಂಗವೇ ಬೇಸರವಾದಾಗ, ಅವರ ಪಾಲಿಗೆ ಉಳಿಯುವುದು ಕಡಿಮೆ ವೇತನ ಮಾತ್ರ. ಆದ್ದರಿಂದ ಪ್ರೀತಿ ದಣಿವನ್ನು ತಡೆಯುತ್ತದೆ ಎನ್ನುವುದಕ್ಕಿಂತ, ದಣಿವನ್ನು ಗುರುತಿಸುವುದನ್ನು ತಡಮಾಡುತ್ತದೆ ಎನ್ನುವುದೇ ಸರಿ.

ಉತ್ತರ 2

ಮೂಲ ಸಮಸ್ಯೆ ಆಯವ್ಯಯದಲ್ಲಿದೆ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ಇದನ್ನು ವಿವರಿಸಿದ್ದರು: ನಾಲ್ವರು ನುಡಿಸುವ ತಂತಿವಾದ್ಯ ಕೃತಿಗೆ ಇಂದಿಗೂ ಅದೇ ನಾಲ್ವರು ಬೇಕು, ಅಷ್ಟೇ ಸಮಯವೂ ಬೇಕು, ಇತರ ಉದ್ಯಮಗಳಲ್ಲಿ ಯಂತ್ರಗಳಿಂದ ಉತ್ಪಾದಕತೆ ಹೆಚ್ಚಿ ವೇತನ ಏರಿದಂತೆ, ಆ ಉಳಿತಾಯದ ದಾರಿಯಿಲ್ಲದ ಪ್ರದರ್ಶನ ಕಲೆಗಳ ವೆಚ್ಚವೂ ಏರುತ್ತಲೇ ಹೋಗುತ್ತದೆ. ಟಿಕೆಟ್ ಆದಾಯ ಅದಕ್ಕೆ ಸಾಲುವುದಿಲ್ಲ. ಅನುದಾನಗಳಲ್ಲಿ ಹೆಚ್ಚಿನವು ನಿರ್ದಿಷ್ಟ ಯೋಜನೆಗಳಿಗೆ ಮೀಸಲಾಗಿರುವುದರಿಂದ, ವರ್ಷವಿಡೀ ಸಂಸ್ಥೆಯನ್ನು ನಡೆಸುವವರ ವೇತನಕ್ಕೆ ಉಳಿಯುವುದು ಅಲ್ಪ. ಈ ಕೊರತೆಯನ್ನು ತುಂಬುತ್ತಿರುವುದು ಸಿಬ್ಬಂದಿಯ ಲೆಕ್ಕಕ್ಕೆ ಸಿಗದ ದುಡಿಮೆ. ಒಂದು ನಿರ್ಮಾಣಕ್ಕೆ ತಗಲುವ ಎಲ್ಲ ಗಂಟೆಗಳನ್ನು, ವೇತನವಿಲ್ಲದವುಗಳನ್ನೂ ಸೇರಿಸಿ, ಬರೆದು ಆಡಳಿತ ಮಂಡಳಿಯ ಮುಂದಿಡಿ. ಆ ಪಟ್ಟಿಯನ್ನು ಕಂಡ ಮೇಲೆ ಸದಸ್ಯರು ಪ್ರೀತಿಯ ಮಾತಿನಲ್ಲೇ ಚರ್ಚೆ ಮುಗಿಸುವುದು ಕಷ್ಟ.

ಉತ್ತರ 3

ಮಿತಿ ಹಾಕಲು ಸಾಧ್ಯವಿದೆ, ಆದರೆ ನಿರ್ಮಾಣಗಳ ಸಂಖ್ಯೆಯನ್ನು ಇಳಿಸದೆ ಸಾಧ್ಯವಿಲ್ಲ. ಅಮೆರಿಕದ ರಂಗಭೂಮಿಯಲ್ಲಿ ತಾಂತ್ರಿಕ ತಾಲೀಮಿನ ದಿನಗಳಲ್ಲಿ 12 ಗಂಟೆಗಳ ಅವಧಿಯೊಳಗೆ 10 ಗಂಟೆ ದುಡಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿತ್ತು. 2020ರ ನಂತರ ಅಲ್ಲಿನ ಹಲವು ಸಂಸ್ಥೆಗಳು ಅದನ್ನು ಕೈಬಿಟ್ಟವು, ಕೆಲವು ವಾರಕ್ಕೆ ಐದೇ ದಿನದ ತಾಲೀಮಿಗೆ ಬದಲಾದವು. ಹೀಗೆ ಮಾಡಿದರೆ ತಾಲೀಮಿನ ದಿನಗಳು ಹೆಚ್ಚುತ್ತವೆ, ರಂಗಮಂದಿರದ ಬಾಡಿಗೆಯೂ ಹೆಚ್ಚುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಮಿತಿಯನ್ನು ಕಾಯಂ ಸಿಬ್ಬಂದಿಗಷ್ಟೇ ಅನ್ವಯಿಸಿದರೆ, ಉಳಿದ ಹೊರೆಯೆಲ್ಲ ಒಂದೊಂದು ನಿರ್ಮಾಣಕ್ಕೆಂದು ಗೌರವಧನದ ಮೇಲೆ ಬರುವ ತಂತ್ರಜ್ಞರ ಹೆಗಲಿಗೆ ಜಾರುತ್ತದೆ. ಅವರ ಒಪ್ಪಂದದಲ್ಲೂ ದಿನದ ಗರಿಷ್ಠ ಅವಧಿ, ಎರಡು ಪಾಳಿಗಳ ನಡುವಿನ ವಿಶ್ರಾಂತಿ, ಹೆಚ್ಚುವರಿ ಗಂಟೆಗೆ ಸಂಭಾವನೆ ಇವು ಸ್ಪಷ್ಟವಾಗಿ ಬರೆಯಲ್ಪಟ್ಟಿರಲಿ.